ಕುಂಕುಮ ಇಟ್ಟು ಕರೆದ ಯುದ್ಧ

ನಾನು ಒಂದು ರಾಜ್ಯ ಆಳಿದವಳು ಅಂತ ಹೇಳಿದರೆ ನಮ್ಮ ಬೀದಿಯಲ್ಲಿ ಯಾರೂ ನಗುವುದಿಲ್ಲ. ನಗುವವರ ಬ್ಲೌಸು ನನ್ನ ಹತ್ತಿರ ಇರುತ್ತದೆ.

ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಬ್ಲೌಸು, ಚೂಡಿದಾರ, ಸೀರೆಗೆ ಫಾಲು, ಕುಚ್ಚು, ಎಲ್ಲ ಮಾಡುತ್ತೇನೆ. ನನ್ನ ಗಂಡನದು ಪೇಟೆಯಲ್ಲಿ ಮಗ್ಗದ ಸಾಮಾನಿನ ಅಂಗಡಿ. ಅಕ್ಕಪಕ್ಕದಲ್ಲೆಲ್ಲ ಪವರ್‌ಲೂಮ್ ಓಡುವ ಬೀದಿ ನಮ್ಮದು. ಆ ಖಟಖಟದ ಮೇಲೆ ಕೇಳಿಸಬೇಕು ಅಂತ ಮಾತಾಡಿ ಮಾತಾಡಿ ನಮ್ಮ ಮನೆಯಲ್ಲಿ ಎಲ್ಲರ ಗಂಟಲೂ ದೊಡ್ಡದಾಗಿದೆ. ಪ್ರೀತಿಯಿಂದ ಮಾತಾಡಿದರೂ ಹೊರಗಿನವರಿಗೆ ಜಗಳ ಅನ್ನಿಸುತ್ತದೆ. ನಿಜವಾಗಿ ಜಗಳ ಆಡಿದಾಗ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ, ಅದೊಂದು ಅನುಕೂಲ.

ನಮ್ಮ ಮನೆಗೆ ಈ ಆಟದ ಹುಚ್ಚು ಹಚ್ಚಿದ್ದು ಎದುರು ಮನೆಯ ಆಪಾ. ಬ್ಯಾಂಕಿನಲ್ಲಿ ಕೆಲಸ ಮಾಡುವವರು, ನನಗಿಂತ ಸ್ವಲ್ಪ ದೊಡ್ಡವರು, ಬೀದಿಗೆಲ್ಲ ಆಪಾ. ಹೊಲಿಯಲು ಕೊಟ್ಟ ಬಟ್ಟೆ ಕೇಳಲು ಬರುತ್ತಿದ್ದರು. ನಾನು "ಇನ್ನೊಂದು ಹತ್ತು ನಿಮಿಷ, ಕೂತ್ಕೊಳ್ಳಿ" ಅನ್ನುತ್ತಿದ್ದೆ. ನನ್ನ ಹತ್ತು ನಿಮಿಷ ಎಷ್ಟು ಉದ್ದ ಅಂತ ಅವರಿಗೆ ಗೊತ್ತಿದ್ದರಿಂದ ಬೆಂಚಿನ ಮೇಲೆ ಕಾಲು ಮಡಚಿ ಕೂತು ಫೋನಿನಲ್ಲಿ ಡ್ರ್ಯಾಗನ್ ಸಾಕುತ್ತಿದ್ದರು. ಬೆಂಕಿ ಉಗುಳುವ, ರೆಕ್ಕೆ ಇರುವ, ಎಮ್ಮೆಗಿಂತ ದೊಡ್ಡ ಪ್ರಾಣಿ. ಒಂದು ದಿನ ಅದು ಊಟಕ್ಕೆ ಬಂದ ನನ್ನ ಗಂಡನ ಕಣ್ಣಿಗೆ ಬಿತ್ತು. ವಾರ ಕಳೆಯುವುದರೊಳಗೆ ನಮ್ಮ ಮನೆಯವರೂ ರಾಜರಾದರು.

ಆಟದಲ್ಲಿ ಎರಡು ಭಾಗ. ಒಂದು ದರ್ಬಾರು, ಇನ್ನೊಂದು ಯುದ್ಧ. ಬೆಟ್ಟದ ಮೇಲೆ ನಮ್ಮದೊಂದು ಕೋಟೆ. ಅದರಲ್ಲಿ ಕಲ್ಲಿನ ಕೆಲಸ ಮಾಡುವ ಕುಳ್ಳರು, ಮಳೆ ಗಾಳಿ ನೋಡಿಕೊಳ್ಳುವ ಮಾಟಗಾತಿಯರು, ಬೇರು ಬಿಟ್ಟುಕೊಂಡು ಓಡಾಡುವ ಮರದ ಜನ. ಇವರೆಲ್ಲ ದರ್ಬಾರಿಗೆ ಬಂದು ಏನಾದರೊಂದು ಕೇಳುತ್ತಾರೆ. ಕೊಡುತ್ತೀಯಾ, ಇಲ್ಲವಾ, ನೋಡೋಣ ಅನ್ನುತ್ತೀಯಾ, ಈ ಮೂರರಲ್ಲಿ ಒಂದನ್ನು ಒತ್ತಬೇಕು. ದರ್ಬಾರಿನಲ್ಲಿ ಅವಸರ ಇಲ್ಲ. ಯುದ್ಧ ಹಾಗಲ್ಲ. ಶುರುವಾದರೆ ನಿಲ್ಲುವುದಿಲ್ಲ. ಹಾಲು ಉಕ್ಕಿದರೂ ನಿಲ್ಲುವುದಿಲ್ಲ, ಬಾಗಿಲಿಗೆ ನೆಂಟರು ಬಂದರೂ ನಿಲ್ಲುವುದಿಲ್ಲ. ಇನ್ನೂ ಕೆಟ್ಟದ್ದೇನೆಂದರೆ ಯುದ್ಧ ನಡೆಯುತ್ತಿರುವಾಗಲೂ ದರ್ಬಾರು ಮುಚ್ಚುವುದಿಲ್ಲ. ಅತ್ತ ಶತ್ರು ಬಾಗಿಲು ಒಡೆಯುತ್ತಿದ್ದರೆ ಇತ್ತ ಮರದವನೊಬ್ಬ ಪರದೆಯ ಅರ್ಧಕ್ಕೆ ಅಡ್ಡ ನಿಂತು "ರಾಜರೇ, ನಮ್ಮ ಕಡೆ ನೀರು ಬಂದಿಲ್ಲ" ಅನ್ನುತ್ತಾನೆ. ಉತ್ತರ ಕೊಡುವವರೆಗೆ ಅಲ್ಲಾಡುವುದಿಲ್ಲ.

ನನ್ನ ಗಂಡ ಯುದ್ಧದಲ್ಲಿ ಗಟ್ಟಿ. ದರ್ಬಾರಿನಲ್ಲಿ ಮಾತ್ರ ಕೋಣನ ಮುಂದೆ ಕಿನ್ನರಿ. ಬೆರಳಿಗೆ ಹತ್ತಿರ ಯಾವುದಿದೆಯೋ ಅದನ್ನು ಒತ್ತಿಬಿಡುವವರು. ನೀರು ಕೇಳಿದ ಮರದ ಜನರನ್ನು ಗಡೀಪಾರು ಮಾಡಿದರು. ಮಾಟಗಾತಿಯರಿಗೆ ಸೇನಾಪತಿ ಹುದ್ದೆ ಕೊಟ್ಟರು. ಒಳಗಿನವರೇ ದಂಗೆ ಎದ್ದು ಇವರ ಮೊದಲನೇ ರಾಜ್ಯ ಹಾಳಾಗಿ ಹೋಯಿತು. ಎರಡನೆಯದು ಕಟ್ಟುವಾಗ ನಾನೇ ಹೇಳಿದೆ, "ರೀ, ನೀವು ಹೊಡೆದಾಡಿ. ಮಾತುಕತೆ ನನಗೆ ಬಿಡಿ."

ಬ್ಲೌಸು ಹೊಲಿಯುವವಳಿಗೆ ರಾಜಕೀಯ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಮುಹೂರ್ತಕ್ಕೆ ಹತ್ತು ಮನೆಯವರಿಗೆ ಬ್ಲೌಸು ಬೇಕು. ಹತ್ತು ಜನಕ್ಕೂ ನಾನು ಹೇಳುವುದು ಒಂದೇ ಮಾತು, "ನಿಮ್ಮದೇ ಮೊದಲು." ಯಾರಿಗೂ ಇಲ್ಲ ಅನ್ನಬಾರದು, ಯಾರಿಗೂ ಇವತ್ತು ಅನ್ನಬಾರದು. ನಾಳೆ ಅನ್ನಬೇಕು. ಕೇಳಲು ಬಂದಾಗ ತೋಳಿಗೆ ಕತ್ತರಿ ಹಾಕಿರುವುದನ್ನಾದರೂ ತೋರಿಸಬೇಕು. ಇದೇ ನೀತಿಯಲ್ಲಿ ನಾನು ಕುಳ್ಳರನ್ನೂ ಮರದವರನ್ನೂ ಮಾಟಗಾತಿಯರನ್ನೂ ತಿಂಗಳುಗಟ್ಟಲೆ ಸುಖವಾಗಿ ಇಟ್ಟಿದ್ದೆ. ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಎಲ್ಲ ಸಿಗುವುದಿತ್ತು, ನಾಳೆ.

ಈಗ ನನ್ನ ಅಕ್ಕನ ವಿಷಯ ಹೇಳಬೇಕು. ನಮ್ಮ ಅಪ್ಪ ಅಮ್ಮನಿಗೆ ನಾವಿಬ್ಬರೇ. ಅಕ್ಕನನ್ನು ಹೊಸಕೋಟೆ ಕಡೆ ಜಡಿಗೇನಹಳ್ಳಿಗೆ ಕೊಟ್ಟಿದ್ದಾರೆ. ಭಾವ ಪಾಲಿಹೌಸಿನಲ್ಲಿ ಕ್ಯಾಪ್ಸಿಕಂ ಬೆಳೆಯುತ್ತಾರೆ. ಕಳೆದ ವರ್ಷ ಅಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ನಮ್ಮ ಕಡೆ ಶುಭಕಾರ್ಯಕ್ಕೆ ಕರೆಯುವುದು ಅಂದರೆ ಗಂಡ ಹೆಂಡತಿ ಜೊತೆಯಾಗಿ ಮನೆಗೆ ಬರಬೇಕು, ಹೆಣ್ಣುಮಕ್ಕಳ ಹಣೆಗೆ ಕುಂಕುಮ ಇಡಬೇಕು, ಪತ್ರಿಕೆ ಕೈಗೆ ಕೊಟ್ಟು "ಮನೆಮಂದಿಯೆಲ್ಲ ಬಂದು ನಡೆಸಿಕೊಡಬೇಕು" ಅನ್ನಬೇಕು. ನನ್ನ ಅಕ್ಕ ಫೋನು ಮಾಡಿದಳು. ಪತ್ರಿಕೆಯ ಫೋಟೋ ಮೊಬೈಲಿಗೆ ಬಂತು, ಅದರ ಕೆಳಗೆ ಕೈ ಮುಗಿದ ಗೊಂಬೆ.

ನನಗೆ ಉರಿದುಹೋಯಿತು. ಒಡಹುಟ್ಟಿದ ತಂಗಿಯನ್ನು ಗೊಂಬೆ ಕಳಿಸಿ ಕರೆಯುತ್ತಾರಾ? ಫೋನಿನಲ್ಲಿ ಕರೆದರೆ ಎದ್ದು ಬರಲು ನಾನೇನು ಅಡುಗೆ ಭಟ್ಟರ ಕಡೆಯವಳಾ? ಅಂಗಡಿಗೆ ಬಂದವರಿಗೆಲ್ಲ ಈ ಮಾತು ಹೇಳಿದೆ, ಅಳತೆ ತೆಗೆಯುತ್ತ ಹೇಳಿದೆ, ಹುಕ್ಕು ಹಾಕುತ್ತ ಹೇಳಿದೆ. ಗೃಹಪ್ರವೇಶಕ್ಕೆ ಹೋಗಲಿಲ್ಲ. ನನ್ನ ಗಂಡ ತಾವು ಹೋಗಿ ಬರುತ್ತೇನೆ ಅಂದರು, ನಾನು ಹೋಗಿ ಅಂದೆ, ನಾನು ಅಂದ ರೀತಿ ನೋಡಿ ಅವರೂ ಹೋಗಲಿಲ್ಲ. ಆಮೇಲೆ ಅಕ್ಕ ಮಾತು ಬಿಟ್ಟಳು. ಅವಳು ಬಿಟ್ಟಳಲ್ಲ ಅಂತ ನಾನೂ ಬಿಟ್ಟೆ. ಯುಗಾದಿ ಬಂತು, ಗೌರಿ ಬಂತು, ಬಾಗಿನವೂ ಇಲ್ಲ, ಫೋನೂ ಇಲ್ಲ.

ಆದರೆ ಗಂಡಸರಿಗೆ ಮಾನ ಮರ್ಯಾದೆ ಕಮ್ಮಿ. ನನ್ನ ಗಂಡನೂ ಭಾವನೂ ಷಡ್ಡಕರಾಗಿ ಒಬ್ಬರನ್ನೊಬ್ಬರು ಬಿಟ್ಟಿರಲಾರರು. ಇವರು ಆಟದ ವಿಷಯ ಭಾವನ ಕಿವಿಗೆ ಹಾಕಿದ್ದಾರೆ. ಭಾವ ಕ್ಯಾಪ್ಸಿಕಂ ಮಧ್ಯೆ ಕೂತು ಒಂದು ರಾಜ್ಯ ಕಟ್ಟಿ, ನಮ್ಮ ರಾಜ್ಯದ ಪಕ್ಕದಲ್ಲೇ ಬಂದು ಗಡಿ ಹಾಕಿದರು. ಎರಡಕ್ಕೂ ಮೈತ್ರಿ ಒಪ್ಪಂದವಾಯಿತು. ನನಗೆ ಗೊತ್ತಾದಾಗ ಕೂಗಾಡಬೇಕು ಅಂತಲೇ ಹೊರಟೆ. ಆಟ ತಾನೇ, ಹಾಳಾಗಿ ಹೋಗಲಿ ಅಂತ ಬಿಟ್ಟೆ.

ಮಿತ್ರರಾಜರು ಒಬ್ಬರಿಗೊಬ್ಬರು ಸಂದೇಶ ಬರೆಯಬಹುದು. ಭಾವನ ಸಂದೇಶ ಯಾವಾಗಲೂ ಒಂದೇ ಪದ, "ಸರಿ" ಅಥವಾ "ಆಯ್ತು". ಒಂದು ಮಧ್ಯಾಹ್ನ ನಾನು ನಮ್ಮ ಕಣಜದಿಂದ ಅವರಿಗೆ ಗೋಧಿ ಕಳಿಸಿದ್ದೆ. ಉತ್ತರ ಬಂತು: "ತಾವು ಕಳಿಸಿದ ಗೋಧಿಯಲ್ಲಿ ಕಲ್ಲು ಇತ್ತು. ಆರಿಸಿ ಕಳಿಸುವ ಪದ್ಧತಿ ತಮ್ಮ ರಾಜ್ಯದಲ್ಲಿ ಇಲ್ಲವೇ?"

ಆ ಆಟದಲ್ಲಿ ಗೋಧಿ ಅಂದರೆ ಒಂದು ಹಳದಿ ಚುಕ್ಕೆ. ಅದರಲ್ಲಿ ಕಲ್ಲು ಹುಡುಕುವ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ. ಭಾವನ ದರ್ಬಾರು ನಡೆಸುತ್ತಿರುವುದು ಯಾರು ಅಂತ ಅಲ್ಲಿಗೆ ಗೊತ್ತಾಯಿತು. ನಾನು ಬರೆದೆ: "ನಮ್ಮ ಗೋಧಿ ಚೆನ್ನಾಗಿಯೇ ಇದೆ. ತಮ್ಮ ಮಹಾರಾಜರ ಕನ್ನಡಕದ ನಂಬರು ಬದಲಾಗಿರಬೇಕು, ತೋರಿಸಿಕೊಳ್ಳಲಿ." ಎರಡು ದಿನ ಬಿಟ್ಟು ಉತ್ತರ: "ಕನ್ನಡಕ ಬದಲಾಯಿಸಲಾಗಿದೆ. ಕಲ್ಲು ಹಾಗೆಯೇ ಇದೆ." ಅಕ್ಕ ಹೊಸ ಕನ್ನಡಕ ಹಾಕಿಕೊಂಡಿದ್ದಾಳೆ ಅನ್ನುವ ಸುದ್ದಿ ನನಗೆ ಸಿಕ್ಕಿದ್ದು ಹಾಗೆ.

ಆಮೇಲೆ ಇದೇ ರೂಢಿಯಾಯಿತು. ಇಬ್ಬರೂ ಮಹಾರಾಜರ ವೇಷದಲ್ಲಿ ಒಬ್ಬರನ್ನೊಬ್ಬರು ಚುಚ್ಚುವುದು. ನಮ್ಮ ಕುದುರೆಗಳು ಸಣಕಲು ಅಂತ ಅವಳು, ಅವಳ ಆನೆಗಳು ಅಡ್ಡಾದಿಡ್ಡಿ ಅಂತ ನಾನು. ಒಂದು ಸಲ ಬರೆದಿದ್ದಳು: "ತಮ್ಮ ಮಹಾರಾಜರ ಮಂಡಿನೋವು ಹೇಗಿದೆ ಎಂದು ನಮ್ಮ ಆಸ್ಥಾನ ವಿಚಾರಿಸುತ್ತದೆ. ಹರಳೆಣ್ಣೆ ಹಚ್ಚುತ್ತಿದ್ದಾರೆಯೇ?" ನಮ್ಮ ಮಹಾರಾಜನ ಚಿತ್ರ ಸೊಂಟದವರೆಗೆ ಮಾತ್ರ ಇದೆ, ಮಂಡಿಯೇ ಇಲ್ಲ. ಮಂಡಿನೋವು ಇರುವುದು ಮಿಷನ್ ತುಳಿಯುವ ನನಗೆ. ಆ ಸಂದೇಶವನ್ನು ನಾನು ಎರಡು ಸಲ ಓದಿದೆ. ಸುಳ್ಳು ಯಾಕೆ ಹೇಳಲಿ, ದಿನಾ ಅವಳ ಸಂದೇಶಕ್ಕೆ ಕಾಯುತ್ತಿದ್ದೆ. ಅಕ್ಕ ಅಂತ ಕರೆಯಲು ನನಗೆ ಇನ್ನೊಬ್ಬಳಿಲ್ಲ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ, ನಾನು ಮದುವೆ ಬ್ಲೌಸಿನ ಕೊರಳಿಗೆ ಕ್ಯಾನ್ವಾಸು ಇಟ್ಟು ಹೊಲಿಯುತ್ತಿದ್ದೆ. ಜಗಲಿಯ ಮೇಲಿಂದ ಇವರು ಕಿರುಚಿದರು.

"ಬಂದ್ಬಿಟ್ನಲ್ಲೇ! ರಾಜಧಾನಿಗೇ ಕೈ ಹಾಕವ್ನೆ!"

ಬಂದವನು ಉತ್ತರದ ಕಬ್ಬಿಣದ ರಾಜ. ಯಾವ ದೇಶದವನೋ, ಯಾವ ಮನೆಯಲ್ಲಿ ಕೂತು ಆಡುತ್ತಾನೋ ತಿಳಿಯದು. ಭಾನುವಾರ ತಿಂಡಿ ಹೊತ್ತಿಗೆ ಮುತ್ತಿಗೆ ಹಾಕುವವನು ಅಂದರೆ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲದವನೇ ಇರಬೇಕು. ಕೋಟೆಗೆ ಮೂರು ಸುತ್ತು ಗೋಡೆ, ಮೂರೂ ಬೀಳುವುದಕ್ಕೆ ಒಂದೆರಡು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಮಿತ್ರರನ್ನು ಕರೆಯಬೇಕು. ನನ್ನ ಕೈಯಲ್ಲಿ ಕತ್ತರಿ, ಬಾಯಲ್ಲಿ ಗುಂಡುಸೂಜಿ. ಬಗ್ಗಿ ಇವರ ಫೋನಿನಲ್ಲಿ "ಎಲ್ಲ ಮಿತ್ರರಿಗೂ ಕರೆ" ಅನ್ನುವ ಗುಂಡಿ ಒತ್ತಿ ಬಂದೆ.

ಆಪಾ ಡ್ರ್ಯಾಗನ್‌ಗಳು ಕೂಡಲೇ ಬಂದವು. ಜಡಿಗೇನಹಳ್ಳಿಯಿಂದ ಸೈನ್ಯದ ಬದಲು ಸಂದೇಶ ಬಂತು.

"ಎಲ್ಲರ ಜೊತೆ ಸೇರಿಸಿ ಒಂದೇ ಕೂಗು ಹಾಕಿದರೆ ಓಡಿ ಬರುವುದಕ್ಕೆ ನಮ್ಮದು ಬೀದಿ ಸೈನ್ಯವಲ್ಲ."

ನಾನು ಸೂಜಿ ಉಗುಳಿ, ಅವರೊಬ್ಬರಿಗೇ ಬೇರೆ ಬರೆದೆ. ಅದಕ್ಕೆ ಬಂದ ಉತ್ತರ: "ಸಂದೇಶದಲ್ಲಿ ಕರೆದರೆ ಬರಬಾರದು ಎಂಬ ಪದ್ಧತಿ ನಮಗೆ ದೊಡ್ಡಬಳ್ಳಾಪುರದ ಆಸ್ಥಾನದವರೇ ಕಲಿಸಿದ್ದಾರೆ. ಕಲಿಸಿದ ಪಾಠ ಮರೆಯುವುದಿಲ್ಲ."

"ನೋಡ್ದ್ರಾ ಅವಳ ಕೊಬ್ಬು!" ಅಂತ ನಾನು ಫೋನನ್ನು ಇವರ ಮಡಿಲಿಗೆ ಎಸೆದೆ. "ಬರ್ದಿದ್ರೆ ಕತ್ತೆಬಾಲ. ಕೋಟೆ ಹೋದ್ರೆ ಹೋಗ್ಲಿ."

"ಕೋಟೆ ಹೋದ್ರೆ ಇನ್ನೊಂದ್ ಕಟ್ಬೋದು ಕಣೇ," ಅಂದರು ಇವರು, ಬಾಣ ಬಿಡುತ್ತಲೇ. "ಆದ್ರೆ ರಾಜಧಾನಿ ಯುದ್ಧಕ್ಕೆ ಬರ್ಲಿಲ್ಲ ಅಂದ್ರೆ ಒಪ್ಪಂದ ತಾನಾಗೇ ಮುರ್ದೋಗ್ತದೆ. ಆಟದ ಕಾನೂನದು. ಗಡಿ ಮುಚ್ತಾರೆ. ಆಮೇಲೆ ಸಂದೇಶನೂ ಕಳ್ಸಂಗಿಲ್ಲ."

ನಾನು ಮತ್ತೆ ಮಿಷನ್ ಮುಂದೆ ಕೂತೆ. ಒಂದು ಗೇಣು ಹೊಲಿದೆ. ಸಂದೇಶ ಇಲ್ಲ ಅಂದರೆ ನನ್ನ ಮಂಡಿ ವಿಚಾರಿಸುವವರು ಯಾರು? ಗೋಧಿಯಲ್ಲಿ ಕಲ್ಲು ಇದೆ ಅನ್ನುವವರು ಯಾರು? ಈ ಒಂದು ಎಳೆಯೂ ಹೋದರೆ ಇನ್ನು ನಾವಿಬ್ಬರೂ ಯಾರದಾದರೂ ಸಾವಿನ ಮನೆಯಲ್ಲೇ ಮುಖ ನೋಡಬೇಕು. ಹೊಲಿದದ್ದು ನೋಡಿದೆ, ಕೊರಳು ಇರಬೇಕಾದಲ್ಲಿ ತೋಳು ಕೂತಿತ್ತು.

"ಫೋನ್ ಮಾಡೇ ನಿಮ್ಮಕ್ಕಂಗೆ," ಅಂದರು ಇವರು.

"ಫೋನಲ್ಲಿ ಕರೆದ್ರೆ ಬರ್ಬಾರ್ದು ಅಂತ ಇಡೀ ಊರಿಗೆ ಸಾರಿರೋಳು ನಾನೇ ಅಲ್ವೇನ್ರೀ?"

ನಾನು ಮಾಡಿದ ಕಾನೂನು ನನ್ನ ಕೊರಳಿಗೇ ಬಂದಿತ್ತು. ಎದ್ದು ಒಳಗೆ ಹೋಗಿ ನೈಟಿ ಬಿಚ್ಚಿ ರೇಷ್ಮೆ ಸೀರೆ ಉಟ್ಟೆ. ದೇವರ ಮನೆಯಿಂದ ಕುಂಕುಮದ ಭರಣಿ ತೆಗೆದುಕೊಂಡೆ. ಹೊರಗೆ ಬಂದು "ಏಳ್ರೀ" ಅಂದೆ.

"ಎಲ್ಗೆ?"

"ಯುದ್ಧಕ್ಕೆ ಕರ್ಯಕ್ಕೆ. ಗಂಡ ಹೆಂಡ್ತಿ ಇಬ್ರೂ ಹೋಗ್ಬೇಕು, ಇಲ್ದಿದ್ರೆ ಅದಕ್ಕೂ ಕೊಂಕು ತೆಗೀತಾಳೆ."

ಯುದ್ಧ ನಿಲ್ಲಿಸುವ ಹಾಗಿಲ್ಲವಾದ್ದರಿಂದ ಹಳೆಯ ಕಾರನ್ನು ನಾನೇ ಓಡಿಸಿದೆ. ಇವರು ಪಕ್ಕದಲ್ಲಿ ಕೂತು ಎರಡೂ ಕೈಯಲ್ಲಿ ಕಾದಾಡುತ್ತಿದ್ದರು. ಬೆಂಕಿ ಬಿದ್ದಾಗ ಬಾವಿ ತೋಡುವುದು ಅಂದರೆ ಇದೇ. ಆದರೆ ಬಾವಿ ತೋಡಲು ರೇಷ್ಮೆ ಸೀರೆ ಉಟ್ಟುಕೊಂಡು ಹೊರಟವಳು ನಾನೊಬ್ಬಳೇ ಇರಬೇಕು.

ಊರು ದಾಟುವಷ್ಟರಲ್ಲೇ ಮರದ ಜನ ಪರದೆಗೆ ಅಡ್ಡ ಬಂದರು.

"ನೀರು ಕೇಳ್ತಾವ್ರೆ ಕಣೇ, ಏನನ್ಲಿ? ಬೇಗ ಹೇಳು, ಏಣಿ ಹತ್ತಾವ್ರೆ!"

"ನಿಮ್ದೇ ಮೊದಲು ಅನ್ನಿ."

"ಹಂಗೆ ಅನ್ನೋ ಗುಂಡಿ ಇಲ್ಲ!"

"ನೋಡೋಣ ಅನ್ನೋದು ಒತ್ರೀ, ಅದೇ ಇದು."

ದೇವನಹಳ್ಳಿ ಹತ್ತಿರ ವಿಮಾನವೊಂದು ತಲೆಯ ಮೇಲೇ ಇಳಿಯುತ್ತ ಹೋಯಿತು. ಅದರ ನೆರಳು ಫೋನಿನ ಮೇಲೆ ಹಾದದ್ದೇ ಇವರು ಶತ್ರುವಿನ ಡ್ರ್ಯಾಗನ್ ಅಂತ ಹೆದರಿ ಇದ್ದ ಬಿಲ್ಲುಗಾರರನ್ನೆಲ್ಲ ಆಕಾಶಕ್ಕೆ ತಿರುಗಿಸಿಬಿಟ್ಟರು. ಆ ಗಲಿಬಿಲಿಯಲ್ಲಿ ಮೊದಲನೇ ಗೋಡೆ ಹೋಯಿತು. ಅದೇ ಹೊತ್ತಿಗೆ ಆಪಾ ಫೋನು. ಸ್ಪೀಕರಿಗೆ ಹಾಕಿದೆವು.

"ನೋಡಿ, ನಮ್ಮ ಡ್ರ್ಯಾಗನ್ ಎರಡನ್ನೂ ಉತ್ತರದ ಬಾಗ್ಲಿಗೆ ನಿಲ್ಸಿದೀನಿ. ಆದ್ರೆ ನಾನು ಕೋಳಿ ಅಂಗ್ಡೀಲಿ ನಿಂತಿದೀನಿ, ಇನ್ನೇನ್ ನನ್ನ ಸರದಿ. ಒಂದ್ ಕೈಯಲ್ಲಿ ಚೀಲ ಹಿಡ್ಕೊಂಡು ಒಂದೇ ಡ್ರ್ಯಾಗನ್ ಓಡ್ಸೋಕ್ಕಾಗೋದು. ಇನ್ನೊಂದಕ್ಕೆ ಅಲ್ಲಾನೇ ಗತಿ. ನಿಮ್ಮಕ್ಕ ಬಂದ್ರಾ?"

"ಕರ್ಯಕ್ಕೇ ಹೋಗ್ತಿದೀವಿ ಆಪಾ, ಕುಂಕುಮ ತಗೊಂಡು."

ಆ ಕಡೆ ಕೋಳಿಗಳ ಸದ್ದು ಜೋರಾಯಿತು. "ಜಂಗ್‌ಗಾ? ಯುದ್ಧಕ್ಕೆ ಕುಂಕುಮ ತಗೊಂಡಾ?" ಅಂದರು. ಆಮೇಲೆ, "ಒಳ್ಳೇದೇ ಮಾಡಿದ್ರಿ. ಹೋಗಿ, ಹೋಗಿ."

ಬರಿಗೈಯಲ್ಲಿ ಹೋಗಬಾರದು ಅಂತ ಸೂಲಿಬೆಲೆಯಲ್ಲಿ ಕಾರು ನಿಲ್ಲಿಸಿದೆ. ಬಾಳೆಹಣ್ಣು, ಹೂವು, ಎಲೆ ಅಡಿಕೆ. ಹೂವಿನವಳ ಹತ್ತಿರ ಎರಡು ಮಾತಾಡುವುದರೊಳಗೆ ಕಾರಿನಿಂದ ಇವರ ಅರಚಾಟ ಕೇಳಿ ಬೀದಿಯೆಲ್ಲ ತಿರುಗಿ ನೋಡಿತು. "ಲೇ, ಕುಳ್ಳರು ಕೆಲ್ಸ ನಿಲ್ಸಿಬಿಟ್ರು ಕಣೇ!"

ಓಡಿ ಬಂದು ನೋಡಿದರೆ ಹೌದು. ಗೋಡೆ ರಿಪೇರಿ ಮಾಡಬೇಕಾದ ಕುಳ್ಳರು ಸುತ್ತಿಗೆ ಕೆಳಗಿಟ್ಟು ಸಾಲಾಗಿ ಕೂತಿದ್ದರು. ತಿಂಗಳಿಂದ ನಾಳೆ ನಾಳೆ ಅಂತ ಮುಂದೂಡಿದ ಬೇಡಿಕೆ ಅವರದು: ಕೋಟೆಯ ಕೆಳಗೆ ಗಣಿ ತೋಡಲು ಅಪ್ಪಣೆ ಕೊಡಬೇಕು. ನನ್ನ ಬ್ಲೌಸಿನ ಗಿರಾಕಿಗಳಿಗೆ ಈ ಬುದ್ಧಿ ಇನ್ನೂ ಹೊಳೆದಿಲ್ಲ, ದೇವರು ದೊಡ್ಡವನು. ಮದುವೆ ದಿನ ಬೆಳಿಗ್ಗೆ ಹತ್ತು ಹೆಂಗಸರೂ ಒಟ್ಟಿಗೆ ಬಂದು ನನ್ನ ಬಾಗಿಲಲ್ಲಿ ಕೂತರೆ ನನ್ನ ಗತಿಯೇನು?

"ಕೊಟ್ಬಿಡ್ರೀ ಅಪ್ಪಣೆ, ಗೋಡೆ ಉಳೀಲಿ," ಅಂದೆ, ಗಾಡಿ ಎತ್ತುತ್ತ. ಮುಂದೆ ಒಂದು ಹುಲ್ಲಿನ ಟ್ರಾಕ್ಟರು ರಸ್ತೆ ತುಂಬಾ ಹೋಗುತ್ತಿತ್ತು. ಅದನ್ನು ಹಿಂದೆ ಹಾಕುವುದರಲ್ಲಿ ನನ್ನ ಜೀವ ಇತ್ತು. ಕೋಟೆಯ ಕೆಳಗೆ ತೋಡಿದರೆ ಕೋಟೆ ಏನಾಗುತ್ತದೆ ಅಂತ ಆ ಹೊತ್ತಿಗೆ ನನಗೂ ಹೊಳೆಯಲಿಲ್ಲ, ಇವರಿಗೂ ಹೊಳೆಯಲಿಲ್ಲ. ಕುಳ್ಳರು ಖುಷಿಯಾಗಿ ಎದ್ದು ಗುದ್ದಲಿ ತೆಗೆದುಕೊಂಡರು. ಜಡಿಗೇನಹಳ್ಳಿ ಮುಟ್ಟುವ ಮೊದಲೇ ಎರಡನೇ ಗೋಡೆ ಶತ್ರು ಮುಟ್ಟದೆ ತಾನಾಗಿ ಕುಸಿದು ಕೂತಿತು.

"ಇದು ನಿನ್ ರಾಜಕೀಯ," ಅಂದರು ಇವರು.

"ನಿಮ್ ಕೈಯಲ್ ತಾನೇ ಗುಂಡಿ ಇದ್ದಿದ್ದು," ಅಂದೆ ನಾನು. ಅಳಿಯ ಅಲ್ಲ ಮಗಳ ಗಂಡ.

ಅಕ್ಕನ ಹೊಸ ಮನೆ ನಾನು ನೋಡಿದ್ದು ಆಗಲೇ. ತಿಳಿ ಹಸಿರು ಬಣ್ಣ, ಮುಂದೆ ತುಳಸಿಕಟ್ಟೆ, ಗೇಟಿನ ಮೇಲೆ ಎರಡು ಸಿಂಹ. ಸಿಂಹ ಯಾಕೆ ಬೇಕಿತ್ತೋ. ಭಾವ ಜಗಲಿಯ ಮೇಲೆ ಫೋನು ಹಿಡಿದು ಕೂತಿದ್ದವರು ನಮ್ಮನ್ನು ನೋಡಿ ಧಡಕ್ಕನೆ ಎದ್ದು, ಪಂಚೆ ಸರಿ ಮಾಡಿಕೊಂಡು, "ಆಯ್ತು" ಅಂದರು.

ಅಕ್ಕ ಬಾಗಿಲಿಗೆ ಬಂದಳು. ಹೊಸ ಕನ್ನಡಕ ಚೆನ್ನಾಗಿ ಒಪ್ಪಿತ್ತು. ಅದನ್ನು ಹೇಳಲಿಲ್ಲ. ಸ್ವಲ್ಪ ಇಳಿದುಹೋಗಿದ್ದಳು, ಅದನ್ನೂ ಕೇಳಲಿಲ್ಲ. ನಾನು ಭರಣಿ ತೆಗೆದು ಅವಳ ಹಣೆಗೆ ಕುಂಕುಮ ಇಟ್ಟೆ, ಕೆನ್ನೆಗೆ ಅರಿಶಿನ ಸವರಿದೆ, ಹೂವು ಹಣ್ಣು ಎಲೆ ಅಡಿಕೆ ಕೈಗೆ ಕೊಟ್ಟೆ. ಪಕ್ಕದಲ್ಲಿ ಇವರು ಒಂದು ಕೈಯಲ್ಲಿ ಯುದ್ಧ ಮಾಡುತ್ತಲೇ ಇನ್ನೊಂದು ಕೈ ಎದೆಗೆ ಇಟ್ಟು ಅರ್ಧ ನಮಸ್ಕಾರ ಮಾಡಿದರು.

"ನಮ್ಮ ಕೋಟೆಗೆ ಮುತ್ತಿಗೆ ಹಾಕವ್ರೆ," ಅಂದೆ. "ಮನೆಮಂದಿಯೆಲ್ಲ ಬಂದು ಯುದ್ಧ ನಡೆಸಿಕೊಡ್ಬೇಕು."

ಅಕ್ಕ ನಗಲಿಲ್ಲ. ಗಂಭೀರವಾಗಿ ಕೇಳಿದಳು. "ಯಾರ್ ಯಾರು ಬರ್ಬೇಕು?"

"ಕುದುರೆ, ಆನೆ, ನಿಮ್ ಕೋಟೆ ಕಾಯೋ ಕಲ್ಲಿನ ರಾಕ್ಷಸರು, ಎಲ್ಲಾ."

"ಎಷ್ಟೊತ್ತಿಗೆ ಮುಹೂರ್ತ?"

"ಈಗ್ಲೇ ಕಣೇ! ಎರಡು ಗೋಡೆ ಬಿದ್ದೋಗಿದೆ!"

"ಸರಿ," ಅಂದಳು. ತಿರುಗಿ ಭಾವನಿಗೆ, "ರೀ, ಕಳ್ಸ್ರೀ ಸೈನ್ಯ. ಮನೆಗ್ ಬಂದು ಕರ್ದವ್ರೆ." ಆಮೇಲೆ ನನಗೆ, "ಚಪ್ಲಿ ಅಲ್ಲೇ ಬಿಟ್ಟು ಒಳಗೆ ಬಾ. ಕಾಫಿ ಕುಡೀದೆ ಹೋಗಂಗಿಲ್ಲ."

ಕರೆಯಲು ಬಂದವರು ಏನಾದರೂ ಬಾಯಿಗೆ ಹಾಕಿಕೊಳ್ಳದೆ ಹೊರಡುವುದು ಅಶುಭ. ಗಂಡಸರಿಬ್ಬರೂ ಸೋಫಾದ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತು ಕಾದಾಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕಟ್ಟೆಗೆ ಒರಗಿ ನಿಂತೆ. ಅಕ್ಕ ಡಿಕಾಕ್ಷನ್ ಇಳಿಸುತ್ತ, ಕಪಾಟು ಇಲ್ಲಿ, ಸಿಂಕು ಅಲ್ಲಿ, ಈ ಟೈಲ್ಸು ಜಾರುತ್ತೆ ನೋಡ್ಕೊಂಡು ನಡಿ, ಅಂತ ತೋರಿಸುತ್ತಿದ್ದಳು. ನಾನು ಕಿಟಕಿ ಚಿಕ್ಕದಾಯಿತು ಅಂದೆ. ಅವಳು ನಿನ್ನ ಮನೆ ಕಿಟಕಿಗಿಂತ ದೊಡ್ಡದೇ ಇದೆ ಅಂದಳು. ಒಂದು ವರ್ಷದ ಮೇಲೆ ಅವಳ ಬಾಯಿಂದ ನೇರವಾಗಿ ಬೈಸಿಕೊಂಡು ನನ್ನ ಜೀವ ತಣ್ಣಗಾಯಿತು.

ಹಾಲಿನಿಂದ ಇವರ ಕೂಗು ಕೇಳಿತು. "ಬಂದ್ರು, ಬಂದ್ರು, ಆನೆ ಬಂದ್ವು!" ಅಕ್ಕನ ಸೈನ್ಯ ಬಯಲಿಗೆ ಇಳಿದಿತ್ತು. ಅದರ ಹಿಂದೆಯೇ ಇನ್ನೊಂದು ಕೂಗು. "ಹೋಯ್ತು!" ಕುಳ್ಳರ ಗಣಿ ಮೂರನೇ ಗೋಡೆಯನ್ನೂ ನುಂಗಿತ್ತು. ಕೋಟೆಯೂ ಹೋಯಿತು, ಬಾಗಿಲಲ್ಲಿ ನಿಂತ ಆಪಾ ಡ್ರ್ಯಾಗನ್ನೂ ಅದರ ಜೊತೆ ಗುಂಡಿಗೆ ಬಿತ್ತು. ಒಪ್ಪಂದ ಮಾತ್ರ ಉಳಿಯಿತು. ಸೈನ್ಯ ಬಂದಿತ್ತಲ್ಲ.

ಭಾವ ಫೋನು ಹಿಡಿದು ಅಡುಗೆಮನೆಗೇ ಬಂದರು. ಅವರು ಅಷ್ಟು ಉದ್ದ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು.

"ಇಲ್ನೋಡೇ, ಇದೇನೋ ಕೇಳ್ತೈತೆ. ರಾಜ್ಯ ಕಳ್ಕೊಂಡ ಮಿತ್ರರು ನಮ್ಮ ಕೋಟೆ ಬಾಗ್ಲಲ್ಲಿ ನಿಂತವ್ರಂತೆ. ಒಳಗೆ ಕರ್ಕೊಬೇಕಾ ಬೇಡ್ವಾ ಅಂತ ಕೇಳ್ತೈತೆ. ಹೌದು, ಇಲ್ಲ, ಎರಡು ಗುಂಡಿ ಕೊಟ್ಟವ್ರೆ."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, ಕನ್ನಡಕ ಏರಿಸಿ ನೋಡಿದಳು. ಅವಳ ಮುಖ ಕೆಂಪಾಯಿತು.

"ಇದನ್ನೂ ಕೇಳ್ತಾರಾ?" ಅಂದಳು. "ಒಡಹುಟ್ಟಿದೋಳು ಬಾಗ್ಲಿಗೆ ಬಂದ್ರೆ ಒಳಗೆ ಕರೀಬೇಕಾ ಅಂತ ಕೇಳ್ತಾರಾ? ಎಂಥಾ ದರಿದ್ರ ಆಟ ಇದು." ಕುಕ್ಕಿದ ಹಾಗೆ ಹೌದು ಒತ್ತಿದಳು.

ನನಗೆ ಅಳು ಬರುವುದರಲ್ಲಿತ್ತು. ಅದಕ್ಕೇ ಸಿಟ್ಟು ಮಾಡಿದೆ. "ಓಹೋ! ಹಂಗಾದ್ರೆ ಗೃಹಪ್ರವೇಶಕ್ಕೆ ನೀನು ಕರೀದಿದ್ರೂ ನಾನು ಬರ್ಬೇಕಿತ್ತು ಅಂತೀಯ?"

"ನೀನು ಬಂದೇ ಬರ್ತೀಯ ಅಂದ್ಕೊಂಡೆ ಕಣೇ," ಅಂದಳು ಅಕ್ಕ. ಬೆನ್ನು ತಿರುಗಿಸಿ ಲೋಟಕ್ಕೆ ಸಕ್ಕರೆ ಹಾಕತೊಡಗಿದಳು. "ಊರೋರ್ ಮನೆಗೆಲ್ಲ ಕುಂಕುಮ ತಗೊಂಡ್ ಹೋದೆ. ನೀನು ಮನೆಯೋಳು ಅಂದ್ಕೊಂಡಿದ್ದೆ, ಮನೆಯೋರಿಗೆ ಯಾರಾದ್ರೂ ಹೋಗಿ ಕುಂಕುಮ ಕೊಡ್ತಾರಾ? ಕೊನೇ ಪಂಕ್ತೀಲಿ ನಾನು ಊಟಕ್ಕೆ ಕೂತೆ. ಪಕ್ಕದ್ ಎಲೆಗೆ ಯಾರ್ನೂ ಕೂರಕ್ ಬಿಡ್ಲಿಲ್ಲ, ತಂಗಿ ಬರ್ತಾಳೆ ಅಂದೆ. ಬಡಿಸೋರು ಆ ಎಲೆಗೂ ಎಲ್ಲಾ ಬಡಿಸ್ಬಿಟ್ಟು ಹೋದ್ರು."

ಲೋಟಕ್ಕೆ ಸಕ್ಕರೆ ಬೀಳುತ್ತಲೇ ಇತ್ತು. ನಾನು ಅವಳ ಕೈ ಹಿಡಿದು ಚಮಚ ಕಿತ್ತುಕೊಂಡೆ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ಎಲೆಯಲ್ಲಿ ಏನೇನು ಬಡಿಸಿದ್ದರು ಅಂತ ಕೇಳಿದೆ. ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ ಅಂತ ಅವಳು ಎಲೆಯ ತುದಿಯಿಂದ ಶುರು ಮಾಡಿ ಒಂದೊಂದಾಗಿ ಹೇಳುತ್ತ ಹೋದಳು. ಪಾಯಸದವರೆಗೆ ಬರುವ ಹೊತ್ತಿಗೆ ಅವಳೂ ಅಳುತ್ತಿದ್ದಳು.